ಅದರದೇ ಬಕೆಟ್: ಕಡಲದಂಡೆಯ ಕುದುರೆಗಳ ಜೊತೆ ನನ್ನ ಅನುಭವ

ವಿಜಯನಗರದ ಕಾಲದಲ್ಲಿ ಅರಬ್ ದೇಶದ ಕುದುರೆಗಳು ಭಟ್ಕಳದ ಬಂದರಿನಲ್ಲಿ ಇಳಿದು ಘಟ್ಟ ಹತ್ತುತ್ತಿದ್ದವು. ಈಗ ದಾರಿ ತಿರುವುಮುರುವಾಗಿದೆ. ಮಳೆ ನಿಂತು ದಸರಾ ರಜೆ ಬಂತೆಂದರೆ ಬೆಳಗಾವಿ, ಹುಬ್ಬಳ್ಳಿ ಕಡೆಯಿಂದ ಕುದುರೆಗಳು ಟೆಂಪೋದಲ್ಲಿ ನಿಂತು ಅರಬೈಲು ಘಟ್ಟ ಇಳಿದು ನಮ್ಮ ಕರಾವಳಿಗೆ ಬರುತ್ತವೆ. ಮರಳಿನ ಮೇಲೆ ಪ್ರವಾಸಿಗರ ಮಕ್ಕಳನ್ನು ಹೊತ್ತು ತಿರುಗುತ್ತವೆ, ನಡುವೆ ಮದುವೆಯ ಮೆರವಣಿಗೆಗಳಿಗೆ ಹೋಗಿ ಬರುತ್ತವೆ, ಮೇ ಕೊನೆಗೆ ಮರಳಿ ಘಟ್ಟ ಹತ್ತುತ್ತವೆ.

ನಾನು ಕಾರವಾರದಲ್ಲಿ ಪಶುವೈದ್ಯೆ. ಹದಿನೆಂಟು ವರ್ಷಗಳಲ್ಲಿ ನನ್ನ ಕೈ ಪಳಗಿದ್ದು ದನ, ಎಮ್ಮೆ, ಆಡು, ನಾಯಿಗಳ ಮೇಲೆ. ಕುದುರೆಯ ಬಗ್ಗೆ ಕಾಲೇಜಿನಲ್ಲಿ ಓದಿದ್ದು ಬಿಟ್ಟರೆ ಅನುಭವ ಕಡಿಮೆಯಿತ್ತು. ಒಂದು ಸಾವು ನನ್ನನ್ನು ಕುದುರೆಗಳ ಹತ್ತಿರ ಕರೆದೊಯ್ದಿತು.

ಮೀನುಗಾರರ ದೋಣಿಗಳನ್ನು ದುರಸ್ತಿ ಮಾಡುವ ಜಾಗದಲ್ಲಿ ಬಿದ್ದಿದ್ದ ಮೊಳೆಯೊಂದು ಕಂದು ಕುದುರೆಯ ಗೊರಸಿಗೆ ಚುಚ್ಚಿತ್ತು. ಒಡೆಯ ಮೊಳೆ ಕಿತ್ತು, ಅರಿಶಿನ ಮೆತ್ತಿ, ಎರಡು ದಿನ ವಿಶ್ರಾಂತಿ ಕೊಟ್ಟು ಕೆಲಸಕ್ಕೆ ಹಚ್ಚಿದ್ದರು. ಹತ್ತು ಹನ್ನೆರಡು ದಿನಗಳ ನಂತರ ನನ್ನನ್ನು ಕರೆದಾಗ ಅದು ನಾಲ್ಕೂ ಕಾಲುಗಳನ್ನು ಅಗಲಿಸಿ ಮರದ ಕುದುರೆಯಂತೆ ನಿಂತಿತ್ತು. ಬಾಲ ಸೆಟೆದಿತ್ತು. ಗಲ್ಲ ಎತ್ತಿದರೆ ಕಣ್ಣಿನ ಒಳರೆಪ್ಪೆ ಸರ್ರನೆ ಮುಂದೆ ಬಂದು ಕಣ್ಣನ್ನು ಅರ್ಧ ಮುಚ್ಚುತ್ತಿತ್ತು. ಧನುರ್ವಾಯು. ಗಾಯದಲ್ಲಿ ಸೇರಿದ ರೋಗಾಣು ಹುಟ್ಟಿಸುವ ಈ ವಿಷಕ್ಕೆ ಕುದುರೆಯಷ್ಟು ಬೇಗ ಸೋಲುವ ಸಾಕುಪ್ರಾಣಿ ಇನ್ನೊಂದಿಲ್ಲ. ಕತ್ತಲೆ ಕೋಣೆಯಲ್ಲಿಟ್ಟು, ಕಿವಿಗೆ ಹತ್ತಿ ತುರುಕಿ, ಮಾಡಬಹುದಾದದ್ದನ್ನೆಲ್ಲ ಮಾಡಿದೆವು. ಐದನೆಯ ದಿನ ಬೆಳಗಿನ ಜಾವ ಅದು ಹೋಯಿತು. ತಿಂಗಳ ಅಂತರದಲ್ಲಿ ಎರಡು ಚುಚ್ಚುಮದ್ದು, ಆಮೇಲೆ ವರ್ಷಕ್ಕೊಂದು, ಇಷ್ಟೇ ಅದನ್ನು ಉಳಿಸುತ್ತಿತ್ತು. ಮೂರು ವರ್ಷಗಳಿಂದ ದಿನವೂ ಸಂಜೆ ನಾನು ಆ ಕುದುರೆಗಳ ಮುಂದೆಯೇ ಮನೆಗೆ ಹೋಗುತ್ತಿದ್ದೆ. ಲಸಿಕೆ ಆಗಿದೆಯೇ ಎಂದು ಒಮ್ಮೆಯೂ ನಿಂತು ಕೇಳಿರಲಿಲ್ಲ. ಆ ನೋವು ಇವತ್ತಿಗೂ ಇದೆ.

ಮುಂದಿನ ಅಕ್ಟೋಬರಿನಲ್ಲಿ ಟೆಂಪೋ ಇಳಿದ ದಿನವೇ ನಾನು ಹೋದೆ. ಹನ್ನೊಂದು ಕುದುರೆಗಳು, ಮೂರು ಕುಟುಂಬಗಳು. ಹಿರಿಯರನ್ನು ಎಲ್ಲರೂ ಚಾಚಾ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಅವರಿಗೆ ನಾನು ಡಾಕ್ಟರ್ ಬಾಯಿ. ಧನುರ್ವಾಯುವಿಗೆ ಮೊದಲ ಲಸಿಕೆ ಹಾಕಿದೆ. ದಂಡೆಯ ತುಂಬ ನಾಯಿಗಳಿರುವುದರಿಂದ ರೇಬೀಸ್ ಲಸಿಕೆಯನ್ನೂ ಹಾಕಿದೆ. ಅಲ್ಲಿಗೆ ನನ್ನ ಕೆಲಸ ಮುಗಿಯಿತು ಎಂದುಕೊಂಡಿದ್ದೆ.

ನವೆಂಬರಿನಲ್ಲಿ ರಾಣಿ ಎಂಬ ಬೂದು ಬಣ್ಣದ ಹೆಣ್ಣು ಕುದುರೆಗೆ ಜ್ವರ ಬಂತು. ಹಿಂಗಾಲುಗಳಲ್ಲಿ ಬಾವು, ಹೊಟ್ಟೆಯ ಕೆಳಗೂ ನೀರು ತುಂಬಿದಂತಹ ಊತ. ಉಪ್ಪುನೀರಿನಲ್ಲಿ ನಿಂತು ಹೀಗಾಗಿದೆ ಎಂಬುದು ಚಾಚಾ ಅವರ ಎಣಿಕೆ. ನಾನು ಆಂಟಿಬಯೋಟಿಕ್ ಕೊಟ್ಟೆ. ಎರಡು ದಿನಕ್ಕೆ ಜ್ವರ ಇಳಿಯಿತು, ಎಲ್ಲರಿಗೂ ಸಮಾಧಾನವಾಯಿತು. ಎಂಟನೆಯ ದಿನ ಜ್ವರ ಮರಳಿತು. ಮತ್ತೆ ಕೊಟ್ಟೆ, ಮತ್ತೆ ಇಳಿಯಿತು. ಮೂರನೆಯ ಸಲ ಬಂದಾಗ ರಾಣಿಯ ಪಕ್ಕೆಲುಬುಗಳನ್ನು ಎಣಿಸಬಹುದಿತ್ತು. ಹುರುಳಿಯನ್ನು ಮಾತ್ರ ಬಿಡದೆ ತಿನ್ನುತ್ತಿತ್ತು. ಚೆನ್ನಾಗಿ ತಿಂದೂ ಕರಗುವ ಕುದುರೆ, ಬಂದು ಹೋಗಿ ಬರುವ ಜ್ವರ. ಅಂದರೆ ಮದ್ದಿನಿಂದ ಇಳಿದ ಜ್ವರವಲ್ಲ ಅದು, ತಾನಾಗಿಯೇ ಇಳಿದದ್ದು. ಅದನ್ನು ನನ್ನ ಗೆಲುವೆಂದು ತಿಳಿದು ಎರಡು ವಾರ ಕಳೆದುಬಿಟ್ಟಿದ್ದೆ.

ಜ್ವರ ಏರಿದ್ದ ಹೊತ್ತಿನಲ್ಲೇ ಒಂದು ಹನಿ ರಕ್ತ ತೆಗೆದು, ಗಾಜಿನ ಪಟ್ಟಿಯ ಮೇಲೆ ಹಸಿಯಾಗಿಯೇ ಸೂಕ್ಷ್ಮದರ್ಶಕದ ಕೆಳಗಿಟ್ಟೆ. ಕೆಂಪು ರಕ್ತಕಣಗಳು ಅಲ್ಲಲ್ಲಿ ಯಾರೋ ನೂಕಿದಂತೆ ಅಲುಗಾಡುತ್ತಿದ್ದವು. ನೋಟ ಹೊಂದಿಸಿದಾಗ ನೂಕುತ್ತಿದ್ದ ಜೀವಿಯೇ ಕಂಡಿತು: ಪಾರದರ್ಶಕ, ತೆಳು, ಹಾವಿನಂತೆ ನುಲಿಯುವ ಏಕಕೋಶ ಪರೋಪಜೀವಿ, ಟ್ರಿಪನೊಸೋಮಾ ಇವಾನ್ಸಿ. ಸರ್ರಾ ರೋಗ. 1880ರಲ್ಲಿ ಗ್ರಿಫಿತ್ ಇವಾನ್ಸ್ ಎಂಬ ಬ್ರಿಟಿಷ್ ಸೇನೆಯ ಪಶುವೈದ್ಯರು ಈಗ ಪಾಕಿಸ್ತಾನದಲ್ಲಿರುವ ಡೇರಾ ಇಸ್ಮಾಯಿಲ್ ಖಾನ್‌ನಲ್ಲಿ ಕುದುರೆ, ಒಂಟೆಗಳ ರಕ್ತದಲ್ಲಿ ಮೊದಲು ಕಂಡದ್ದು ಇದನ್ನೇ. ಇದು ತನ್ನ ಮೇಲುಹೊದಿಕೆಯನ್ನು ಬದಲಿಸುತ್ತಲೇ ಇರುತ್ತದೆ. ದೇಹ ಒಂದು ವೇಷವನ್ನು ಗುರುತಿಸಿ ಕೊಲ್ಲುವಷ್ಟರಲ್ಲಿ ಇನ್ನೊಂದು ವೇಷದವು ಹೆಚ್ಚಿರುತ್ತವೆ. ಜ್ವರ ಇಳಿದ ದಿನ ರಕ್ತ ನೋಡಿದರೆ ಏನೂ ಸಿಗದೆ ಹೋಗಬಹುದು. ಹಾಗಾಗಿ ನನ್ನಂತೆ ದನಗಳ ನಡುವೆ ಕೆಲಸ ಮಾಡುವ ಕಿರಿಯ ಪಶುವೈದ್ಯರಿಗೆ ನಾನು ಹೇಳುವುದಿಷ್ಟು: ಜ್ವರ ಏರಿದ ಗಳಿಗೆಯಲ್ಲೇ ರಕ್ತ ತೆಗೆಯಿರಿ, ನಾಳೆಗೆ ಬಿಡಬೇಡಿ.

ಸರ್ರಾದ ಮದ್ದಾದ ಕ್ವಿನಾಪೈರಮಿನ್ ತರಿಸಿದೆ. ಚರ್ಮದ ಕೆಳಗೆ, ಒಂದೇ ಕಡೆ ಹಾಕದೆ ಹಂಚಿ ಹಾಕಿದೆ. ಆದರೂ ಬಾವು ಬಂತು, ರಾಣಿ ಅರ್ಧ ಗಂಟೆ ಜೊಲ್ಲು ಸುರಿಸಿ ನಡುಗಿತು. ಹೀಗಾಗುವುದುಂಟು ಎಂದು ಮೊದಲೇ ಹೇಳಿರದಿದ್ದರೆ ಚಾಚಾ ನನ್ನನ್ನು ಮತ್ತೆ ಹತ್ತಿರ ಬಿಟ್ಟುಕೊಳ್ಳುತ್ತಿರಲಿಲ್ಲ.

ರಾಣಿ ನಿಧಾನವಾಗಿ ಚೇತರಿಸಿಕೊಂಡಿತು. ಆದರೆ ಇದು ಬಂದದ್ದು ಎಲ್ಲಿಂದ? ಉಳಿದ ಹತ್ತರ ರಕ್ತ ನೋಡಿದಾಗ ಇನ್ನೊಂದರಲ್ಲೂ ಸಿಕ್ಕಿತು. ಅದು ನೋಡಲು ಗಟ್ಟಿಮುಟ್ಟಾಗಿಯೇ ಇತ್ತು, ದಿನವೂ ಸವಾರಿಗೆ ಹೋಗುತ್ತಿತ್ತು.

ಸರ್ರಾವನ್ನು ಹರಡುವುದು ರಕ್ತ ಹೀರುವ ದೊಡ್ಡ ನೊಣ. ಸೊಳ್ಳೆಯೊಳಗೆ ಮಲೇರಿಯಾ ಬೆಳೆಯುವ ಹಾಗೆ ಇದು ನೊಣದೊಳಗೆ ಬೆಳೆಯುವುದಿಲ್ಲ. ನೊಣದ ಕಡಿತ ನೋವಿನದು, ಕುದುರೆ ಬಾಲ ಬೀಸುತ್ತದೆ, ಅರೆಹೊಟ್ಟೆಯ ನೊಣ ಹಾರಿ ಪಕ್ಕದ ಕುದುರೆಯ ಮೇಲೆ ಕೂತು ಊಟ ಮುಗಿಸುತ್ತದೆ. ಬಾಯಿಗೆ ಅಂಟಿದ ಹಸಿ ರಕ್ತವೇ ರೋಗವನ್ನು ಸಾಗಿಸುತ್ತದೆ. ಸ್ವಲ್ಪ ಹೊತ್ತು ಕಳೆದರೆ ಆ ರಕ್ತ ಒಣಗುತ್ತದೆ, ಅಪಾಯವೂ ಇಳಿಯುತ್ತದೆ. ಆದ್ದರಿಂದ ಪಕ್ಕಪಕ್ಕದಲ್ಲಿ ನಿಂತವಕ್ಕೇ ಹೆಚ್ಚು ಭಯ.

ಈ ನೊಣ ಹಗಲಿನದು, ಬಿಸಿಲಿನದು. ನಾನು ಕುದುರೆಗಳನ್ನು ರಾತ್ರಿ ಕಟ್ಟುವ ಜಾಗದಲ್ಲಿ ಅದನ್ನು ಹುಡುಕಿ ಹುಡುಕಿ ದಣಿದಿದ್ದೆ. ಒಂದು ಮಧ್ಯಾಹ್ನ ಊಟ ಬಿಟ್ಟು ಹೋಗಿ ನೋಡಿದಾಗ ಕಣ್ಣು ತೆರೆಯಿತು. ಸವಾರಿ ಇರುವುದು ಬೆಳಿಗ್ಗೆ ಮತ್ತು ಸಂಜೆ. ಹನ್ನೊಂದರಿಂದ ಮೂರೂವರೆಯವರೆಗೆ ಹನ್ನೊಂದೂ ಕುದುರೆಗಳನ್ನು ಒಂದೇ ಗಾಳಿಮರದ ತೋಪಿನ ನೆರಳಿನಲ್ಲಿ ಭುಜಕ್ಕೆ ಭುಜ ತಾಗಿಸಿ ಕಟ್ಟುತ್ತಿದ್ದರು. ಇಪ್ಪತ್ತು ಹೆಜ್ಜೆ ಆಚೆ ಎಮ್ಮೆಗಳ ಕೊಟ್ಟಿಗೆ, ಅದರ ಹಿಂದೆ ಊರಿನ ಚರಂಡಿ. ಎಮ್ಮೆ, ದನಗಳು ಈ ಪರೋಪಜೀವಿಯನ್ನು ರಕ್ತದಲ್ಲಿಟ್ಟುಕೊಂಡು, ಯಾವ ಲಕ್ಷಣವನ್ನೂ ತೋರಿಸದೆ ತಿಂಗಳುಗಟ್ಟಲೆ ಹಾಲು ಕೊಡುತ್ತಿರಬಲ್ಲವು. ಎಮ್ಮೆಯಿಂದ ಕುದುರೆಗೆ ಬಂತೋ, ಘಟ್ಟದ ಮೇಲಿಂದ ಕುದುರೆಯೇ ತಂದಿತೋ ನಾನು ತೀರ್ಮಾನಿಸಲಿಲ್ಲ. ಎಮ್ಮೆ ಸಾಕಿದ ತಾಯಿಯ ಮೇಲೆ ತಪ್ಪು ಹೊರಿಸುವುದು ನ್ಯಾಯವೂ ಆಗಿರಲಿಲ್ಲ. ಕುದುರೆಗಳ ಹಗಲಿನ ಜಾಗವನ್ನು ಕಡಲಿಗೆ ಹತ್ತಿರ, ಗಾಳಿ ಬೀಸುವ ಕಡೆಗೆ ಸರಿಸಿ, ತೆಂಗಿನ ಗರಿಯ ಚಪ್ಪರ ಹಾಕಿಸಿದೆವು. ಎರಡು ಕುದುರೆಗಳ ನಡುವೆ ಆದಷ್ಟು ಜಾಗ ಬಿಟ್ಟೆವು. ನೊಣ ಪೂರ್ತಿ ಹೋಗಲಿಲ್ಲ, ಆದರೆ ಗಾಳಿಗೆ ಬಹಳ ಕಡಿಮೆಯಾಯಿತು.

ಅದೇ ಮಧ್ಯಾಹ್ನ ಇನ್ನೊಂದನ್ನೂ ಕಂಡೆ. ತಿಂಗಳಿಗೊಮ್ಮೆ 'ತಾಕತ್ತಿಗೆ' ಎಂದು ಎಲ್ಲ ಕುದುರೆಗಳಿಗೂ ವಿಟಮಿನ್ ಚುಚ್ಚುತ್ತಿದ್ದರು. ಹನ್ನೊಂದು ಕುದುರೆಗಳಿಗೆ ಸೂಜಿ ಒಂದೇ. ನೊಣ ಮಾಡುವ ಕೆಲಸವನ್ನೇ ಆ ಸೂಜಿ ಇನ್ನೂ ಚೆನ್ನಾಗಿ ಮಾಡುತ್ತದೆ. ಮರುದಿನ ನೂರು ಸೂಜಿಗಳ ಪೆಟ್ಟಿಗೆ ಕೊಟ್ಟು ಬಂದೆ.

ಚಾಚಾ ಅವರ ಮೊಮ್ಮಗ, ಹದಿನಾಲ್ಕರ ಹುಡುಗ, "ಬಾಯಿ, ಇದು ನಮಗೂ ಬರುತ್ತದೆಯೇ?" ಎಂದು ಕೇಳಿದ. ಅವನು ಕುದುರೆಗಳ ಪಕ್ಕದಲ್ಲೇ ಮಲಗುವವನು. ಸಾಮಾನ್ಯವಾಗಿ ಬರುವುದಿಲ್ಲ, ನಮ್ಮ ರಕ್ತದಲ್ಲಿರುವ ಒಂದು ಪ್ರೋಟೀನ್ ಅದನ್ನು ಕೊಲ್ಲುತ್ತದೆ ಎಂದೆ. ಆ ಪ್ರೋಟೀನ್ ಇಲ್ಲದ ಮಹಾರಾಷ್ಟ್ರದ ಒಬ್ಬ ರೈತರಿಗೆ 2004ರಲ್ಲಿ ಬಂದದ್ದಿದೆ ಎಂಬುದನ್ನೂ ಮುಚ್ಚಿಡಲಿಲ್ಲ. ಕೇಳಿದವನಿಗೆ ಪೂರ್ತಿ ಉತ್ತರ ಸಲ್ಲಬೇಕು.

ಮನುಷ್ಯನಿಗೆ ನಿಜವಾಗಿ ಭಯವಿರುವುದು ಕುದುರೆಯಿಂದ ಹರಡುವ ಬ್ಯಾಕ್ಟೀರಿಯಾ ರೋಗವಾದ ಗ್ಲಾಂಡರ್ಸ್‌ನಿಂದ. ಇದಕ್ಕೆ ಈ ದೇಶದಲ್ಲಿ 1899ರಲ್ಲೇ ಪ್ರತ್ಯೇಕ ಕಾಯ್ದೆ ಆಗಿತ್ತು. ಈಗ ಪ್ರಾಣಿಗಳ ಸಾಂಕ್ರಾಮಿಕ ರೋಗಗಳನ್ನು ತಡೆಯುವ 2009ರ ಕಾಯ್ದೆಯಡಿ ಕಂಡಲ್ಲಿ ವರದಿ ಮಾಡಲೇಬೇಕಾದ ರೋಗಗಳಲ್ಲಿ ಇದೂ ಒಂದು. ಒಂದು ಹೊಳ್ಳೆಯಿಂದ ಅಂಟಂಟಾದ ಸಿಂಬಳ, ಮೂಗಿನೊಳಗೆ ಹುಣ್ಣು, ಹುಣ್ಣು ಮಾಯ್ದಲ್ಲಿ ನಕ್ಷತ್ರದಂತಹ ಕಲೆ, ಹಿಂಗಾಲಿನ ಒಳಬದಿಗೆ ಹಗ್ಗದ ಗಂಟುಗಳಂತೆ ಸಾಲಾಗಿ ಎದ್ದು ಒಡೆದು ಜೇನಿನ ಬಣ್ಣದ ಕೀವು ಸುರಿಸುವ ಗಡ್ಡೆಗಳು. ಇವುಗಳಲ್ಲಿ ಯಾವುದನ್ನು ಕಂಡರೂ ಬರಿಗೈಯಲ್ಲಿ ಮುಟ್ಟಬಾರದು. ಚಿಕಿತ್ಸೆ ಮಾಡುವಂತಿಲ್ಲ. ರೋಗ ಖಚಿತವಾದರೆ ಕುದುರೆಯನ್ನು ನೋವಿಲ್ಲದಂತೆ ಕೊನೆಗೊಳಿಸಿ ಆಳವಾಗಿ ಹೂಳಬೇಕು.

ಕೈಗವಸು, ಮಾಸ್ಕ್ ಹಾಕಿ, ಟಾರ್ಚ್ ಹಿಡಿದು ಹೊಳ್ಳೆಗಳನ್ನು ನೋಡಿದೆ. ಯಾವುದರಲ್ಲೂ ಲಕ್ಷಣವಿರಲಿಲ್ಲ. ಆದರೆ ಈ ರೋಗ ಒಳಗೇ ಅಡಗಿ ಕೂರಬಲ್ಲದು, ಹಾಗಾಗಿ ರಕ್ತ ಕಳಿಸಲೇಬೇಕು ಎಂದೆ. ಮರುದಿನ ಬೆಳಿಗ್ಗೆ ಹೋದರೆ ಎಂಟೇ ಕುದುರೆಗಳಿದ್ದವು. ಮೂರನ್ನು ರಾತ್ರೋರಾತ್ರಿ ಸಾಗಿಸಿದ್ದರು. ನನಗೆ ಸಿಟ್ಟು ಬರಲಿಲ್ಲ. ಇಡೀ ಮನೆಯ ಅನ್ನ ಆ ನಾಲ್ಕು ಕಾಲುಗಳ ಮೇಲಿರುವಾಗ, ಒಂದು ಚೀಟಿ ಬಂದು ಅದನ್ನು ಕೊಲ್ಲಿಸಬಹುದು ಎಂದರೆ ಯಾರಾದರೂ ಬಚ್ಚಿಡುತ್ತಾರೆ. ಮರಳಿನ ಮೇಲೆ ಕೂತು ಚಾಚಾ ಅವರ ಜೊತೆ ಎರಡು ಲೋಟ ಚಹಾ ಕುಡಿದೆ. ಸರ್ಕಾರದಿಂದ ಪರಿಹಾರವಿದೆ ಎಂದೆ. ಅದಕ್ಕೆ ಅವರು ಅಲುಗಲಿಲ್ಲ. "ರಾತ್ರಿ ಕುದುರೆಯ ಕೊರಳಿಗೆ ಒರಗಿ ಮಲಗುವವನು ನಿಮ್ಮ ಮೊಮ್ಮಗ, ಚಾಚಾ" ಎಂದೆ. ಬಹಳ ಹೊತ್ತು ಕಡಲನ್ನು ನೋಡಿದರು. ಸಂಜೆಗೆ ಹನ್ನೊಂದೂ ಅಲ್ಲಿದ್ದವು. ಸೀರಂ ಬೇರ್ಪಡಿಸಿ, ಐಸ್ ಪೆಟ್ಟಿಗೆಯಲ್ಲಿ ಬೆಂಗಳೂರಿಗೆ ಕಳಿಸಿದೆ. ಅಲ್ಲಿ ಅನುಮಾನ ಬಂದರೆ ಖಚಿತಪಡಿಸುವುದು ಹರಿಯಾಣದ ಹಿಸ್ಸಾರಿನ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರದವರು. ಅಷ್ಟು ದೂರ ಹೋಗುವ ಅಗತ್ಯ ಬೀಳಲಿಲ್ಲ. ಎಲ್ಲವೂ ನೆಗೆಟಿವ್ ಎಂಬ ಕಾಗದ ಬಂದ ದಿನ ನಾನೇ ಓಡಿ ಹೋಗಿ ಓದಿ ಹೇಳಿದೆ.

ಬಕೆಟ್ಟಿನ ಮಾತು ಬಂದದ್ದು ಜನವರಿಯಲ್ಲಿ. ಮದುವೆಯೊಂದಕ್ಕೆ ಘಟ್ಟದ ಮೇಲೆ ಹೋಗಿ ಬಂದ ಎಳೆಯ ಗಂಡು ಕುದುರೆಯ ದವಡೆಯ ಕೆಳಗೆ ನಿಂಬೆಹಣ್ಣಿನ ಗಾತ್ರದ ಗಡ್ಡೆ, ಎರಡೂ ಹೊಳ್ಳೆಗಳಲ್ಲಿ ಹಳದಿ ಸಿಂಬಳ. ಮತ್ತೆ ಗ್ಲಾಂಡರ್ಸ್‌ನ ಭಯವಾಗಿ ಕೀವನ್ನು ಪರೀಕ್ಷಿಸಿದಾಗ ಸ್ಟ್ರಾಂಗಲ್ಸ್ ಎಂದು ತಿಳಿಯಿತು. ಎಳೆಯ ಕುದುರೆಗಳ ಗಂಟಲ ಗ್ರಂಥಿಗಳಲ್ಲಿ ಕೀವು ತುಂಬಿಸುವ ರೋಗ ಇದು. ಬಿಸಿ ಶಾಖ ಕೊಟ್ಟು ಗಡ್ಡೆ ಹಣ್ಣಾದ ಮೇಲೆ ಕೊಯ್ದು ಬಿಟ್ಟರೆ ಸಾಮಾನ್ಯವಾಗಿ ಗುಣವಾಗುತ್ತದೆ. ಆದರೆ ಸಿಹಿನೀರು ದೂರದಿಂದ ಬರಬೇಕಾದ್ದರಿಂದ ಎಲ್ಲವೂ ಒಂದೇ ಪ್ಲಾಸ್ಟಿಕ್ ತೊಟ್ಟಿಯಲ್ಲಿ ಕುಡಿಯುತ್ತಿದ್ದವು. ಒಂದರ ಕಡಿವಾಣ ಇನ್ನೊಂದರ ಬಾಯಿಗೆ ಹೋಗುತ್ತಿತ್ತು. ಮೂಗು ಒರೆಸುವ ಬಟ್ಟೆಯೂ ಒಂದೇ. ಹದಿನೈದು ದಿನಗಳಲ್ಲಿ ಇನ್ನೂ ಮೂರಕ್ಕೆ ಬಂತು.

ಹನ್ನೊಂದು ಬಕೆಟ್ ಕೊಂಡೆವು, ಅರ್ಧ ದುಡ್ಡು ಅವರದು, ಅರ್ಧ ನನ್ನದು. ಹುಡುಗ ಪ್ರತಿಯೊಂದರ ಮೇಲೂ ಬಣ್ಣದಲ್ಲಿ ಕುದುರೆಯ ಹೆಸರು ಬರೆದ. ನೀರು ತುಂಬುವಾಗ ಪೈಪನ್ನು ಬಕೆಟ್ಟಿನೊಳಗೆ ಮುಳುಗಿಸಬಾರದು, ಮೇಲಿನಿಂದ ಬಿಡಬೇಕು ಎಂದು ಕಲಿಸಿದೆ. ಹುರುಳಿಯ ಚೀಲ ಮುಚ್ಚಳವಿರುವ ಡಬ್ಬಿಗೆ ಹೋಯಿತು, ಏಕೆಂದರೆ ಚೆಲ್ಲಿದ ಕಾಳಿಗೆ ಇಲಿ ಬರುತ್ತದೆ. ಇಲಿ ಜ್ವರ ಏನೆಂದು ಈ ಜಿಲ್ಲೆಯವರಿಗೆ ವಿವರಿಸಬೇಕಾಗಿಲ್ಲ. ಆ ರೋಗಾಣು ಕುದುರೆಗೆ ತಗುಲಿದರೆ ಎಷ್ಟೋ ಸಲ ಜ್ವರವಾಗಿ ಕಾಣದೆ, ತಿಂಗಳುಗಳ ನಂತರ ಕಣ್ಣನ್ನು ಕುರುಡು ಮಾಡಬಲ್ಲದು.

ಬಕೆಟ್ಟಿಗಿಂತಲೂ ಹೆಚ್ಚು ಕೆಲಸ ಮಾಡಿದ್ದು ಥರ್ಮಾಮೀಟರ್. ಸ್ಟ್ರಾಂಗಲ್ಸ್‌ನಲ್ಲಿ ಮೊದಲು ಬರುವುದು ಜ್ವರ. ಮೂಗಿನಿಂದ ರೋಗಾಣು ಸುರಿಯಲು ಶುರುವಾಗುವುದು ಅದಾಗಿ ಒಂದೆರಡು ದಿನಕ್ಕೆ. ಆ ಒಂದೆರಡು ದಿನಗಳಲ್ಲಿ ಕುದುರೆಯನ್ನು ಬೇರೆ ಕಟ್ಟಿದರೆ ಉಳಿದವು ಉಳಿಯುತ್ತವೆ. ಸರ್ರಾದ ರಕ್ತ ತೆಗೆಯಬೇಕಾದ ಗಳಿಗೆಯೂ ಇದರಿಂದಲೇ ಗೊತ್ತಾಗುತ್ತದೆ. ದಿನವೂ ಬೆಳಿಗ್ಗೆ, ಕೆಲಸಕ್ಕೆ ಮೊದಲು, ಗುದದ್ವಾರದಲ್ಲಿ ಇಟ್ಟು ನೋಡಬೇಕು, ಒಂದರಿಂದ ಇನ್ನೊಂದಕ್ಕೆ ಹೋಗುವಾಗ ಸ್ಪಿರಿಟ್‌ನಲ್ಲಿ ಒರೆಸಬೇಕು. 99ರಿಂದ 101 ಡಿಗ್ರಿ ಫ್ಯಾರನ್‌ಹೀಟ್ ಸಹಜ. 101.5 ದಾಟಿದರೆ ಬೇರೆ ಕಟ್ಟಿ ನನಗೆ ಫೋನ್ ಮಾಡಬೇಕು. ಹುಡುಗ ಒಂದು ನೂರು ಪುಟದ ನೋಟ್‌ಬುಕ್ಕಿನಲ್ಲಿ ಗೀಟು ಎಳೆದು ಹನ್ನೊಂದು ಕಂಬಗಳನ್ನು ಮಾಡಿದ. ಶಾಲೆ ಬಿಟ್ಟು ಎರಡು ವರ್ಷವಾಗಿತ್ತು, ಅಂಕಿಗಳು ಮಾತ್ರ ಮುತ್ತಿನಂತಿದ್ದವು. ಫೆಬ್ರವರಿಯಲ್ಲಿ ಐದನೆಯದಕ್ಕೆ ಜ್ವರ ಬಂದದ್ದನ್ನು ಅವನೇ ಹಿಡಿದ. ಆರನೆಯದಕ್ಕೆ ಹರಡಲಿಲ್ಲ.

ಮೇ ಕೊನೆಗೆ ಟೆಂಪೋ ಹೊರಟಾಗ ಬಕೆಟ್‌ಗಳನ್ನು ಒಂದರೊಳಗೊಂದು ಇಟ್ಟು ಕಟ್ಟಿಕೊಂಡು ಹೋದರು. ಜೂನ್ ಎರಡನೆಯ ವಾರ, ಇಲ್ಲಿ ಮಳೆ ಹಿಡಿದಿತ್ತು, ಬೆಳಿಗ್ಗೆ ಆರೂವರೆಗೆ ಫೋನ್ ಬಂತು.

"ಬಾಯಿ, ರಾಣಿಗೆ 102.4 ಇದೆ. ಬೇರೆ ಕಟ್ಟಿದ್ದೇನೆ."

"ನೀರು?"

"ಅದರದೇ ಬಕೆಟ್."

ಇವತ್ತೇ, ಈಗಲೇ ರಕ್ತ ತೆಗೆಸು ಎಂದು ಹೇಳಿ, ಆ ಊರಿನ ಪಶು ಆಸ್ಪತ್ರೆಯಲ್ಲಿರುವ ನನ್ನ ಸಹಪಾಠಿಯ ನಂಬರ್ ಬರೆಸಿದೆ.