ಹಳೇ ಆಸಿಲೋಸ್ಕೋಪ್ ರಿಪೇರಿ: ಪ್ರಿಸೆಟ್ ಮುಟ್ಟುವ ಮೊದಲು

ಮೈಸೂರು ಕುವೆಂಪುನಗರದ ನಮ್ಮ ಮನೆಯ ಮಹಡಿ ಕೋಣೆಯಲ್ಲಿ ಒಂದು ಹಳೇ ಆಸಿಲೋಸ್ಕೋಪ್ ಇದೆ, ವೋಲ್ಟೇಜಿನ ಏರಿಳಿತವನ್ನು ಪರದೆಯ ಮೇಲೆ ಗೆರೆಯಾಗಿ ತೋರಿಸುವ ಯಂತ್ರ. ಎರಡು ಚಾನೆಲ್, 20 ಮೆಗಾಹರ್ಟ್ಸ್, ಹಸಿರು ಗೆರೆ ಮೂಡಿಸುವ ಪಿಕ್ಚರ್ ಟ್ಯೂಬಿನದು. ಗುಜರಿಯಲ್ಲಿ 1,800 ರೂಪಾಯಿ ಕೊಟ್ಟು ತಂದೆ.

ವರ್ಷಗಟ್ಟಲೆ ಮೂಲೆಯಲ್ಲಿ ಬಿದ್ದಿದ್ದ ಸ್ಕೋಪನ್ನು ನೇರವಾಗಿ ಕರೆಂಟಿಗೆ ಹಾಕಬಾರದು. 60 ವ್ಯಾಟಿನ ಹಳೇ ಬಲ್ಬನ್ನು ಸೀರೀಸ್‌ನಲ್ಲಿ ಹಾಕಿ ಆನ್ ಮಾಡಿದೆ. ಒಳಗೆ ಶಾರ್ಟ್ ಇದ್ದರೆ ಬಲ್ಬ್ ಪೂರ್ತಿ ಉರಿಯುತ್ತಲೇ ಇರುತ್ತದೆ. ನನ್ನದು ಒಮ್ಮೆ ಬೆಳಗಿ ಮಂಕಾಯಿತು. ಗೆರೆಯೂ ಬಂತು. ಆಗಿನ ಖುಷಿ ಹೇಳತೀರದು.

ಅರ್ಧ ಗಂಟೆ ಬಿಸಿಯಾಗಲು ಬಿಟ್ಟು, ನಿಖರ ವೋಲ್ಟೇಜ್ ಕೊಡುವ ಎಡಿ584 ರೆಫರೆನ್ಸ್ ಬೋರ್ಡಿನಿಂದ 5 ವೋಲ್ಟ್ ಕೊಟ್ಟೆ. ಪರದೆಯ ಮೇಲಿನ ಚೌಕಗಳಲ್ಲಿ ಒಂದು ಮನೆಗೆ ಒಂದು ವೋಲ್ಟ್ ಇಟ್ಟಿದ್ದೆ. ಗೆರೆ ಐದು ಮನೆ ಏರಬೇಕಿತ್ತು, 4.7ಕ್ಕೇ ನಿಂತಿತು. ಮುಚ್ಚಳ ತೆಗೆದು, ಗೆರೆ ಎಷ್ಟು ಏರಬೇಕೆಂದು ಹೊಂದಿಸುವ ಒಳಗಿನ ಪುಟ್ಟ ತಿರುಪು, ಅಂದರೆ ಗೇನ್ ಪ್ರಿಸೆಟ್ ತಿರುಗಿಸಲು ಸ್ಕ್ರೂಡ್ರೈವರ್ ಹಿಡಿದಿದ್ದೆ. ಪಕ್ಕದ ಬೀದಿಯಲ್ಲಿರುವ ಹಿರಿಯ ರೇಡಿಯೋ ಮೆಕ್ಯಾನಿಕ್ ಒಬ್ಬರು ಅವತ್ತು ಬಂದಿದ್ದರು.

"ಪ್ರಿಸೆಟ್ಟು ತಾನಾಗೇ ತಿರುಗುತ್ತೇನಪ್ಪಾ?" ಅಂದರು. "ಮೊದ್ಲು ಸಪ್ಲೈ ನೋಡು."

"ಗೆರೆ ಚೆನ್ನಾಗೇ ಬರ್ತಿದೆಯಲ್ಲ ಸಾರ್?"

"ಇನ್‌ಪುಟ್ ಗ್ರೌಂಡಿಗೆ ಹಾಕು. ಹತ್ತಿರದಿಂದ ನೋಡು."

ನೋಡಿದೆ. ನೇರ ಅಂದುಕೊಂಡಿದ್ದ ಗೆರೆ ಸಣ್ಣಗೆ ನಡುಗುತ್ತಿತ್ತು. ಒಂದು ಮನೆಗೆ 5 ಮಿಲಿಸೆಕೆಂಡ್ ಇಟ್ಟು, ಟ್ರಿಗರನ್ನು ಲೈನಿಗೆ, ಅಂದರೆ ಗೆರೆ ಕರೆಂಟಿನ ತಾಳಕ್ಕೇ ಶುರುವಾಗುವಂತೆ, ಹಾಕಿದ ಮೇಲೆ ಅಲೆ ನಿಂತಿತು. ಪರದೆಯ ಅಗಲ ಹತ್ತು ಮನೆ. ಅಷ್ಟರಲ್ಲಿ ಐದು ಡುಬ್ಬ. ಅಂದರೆ ಒಂದೊಂದಕ್ಕೆ 10 ಮಿಲಿಸೆಕೆಂಡ್, 100 ಹರ್ಟ್ಸ್. ಹೊರಗಿನ ವೈರಿಂಗಿನಿಂದ ನುಸುಳುವ ಅಲೆ (ಹಮ್) ಆಗಿದ್ದರೆ ಸಾಮಾನ್ಯವಾಗಿ 50 ಹರ್ಟ್ಸ್ ಇರುತ್ತದೆ, ಎರಡೂವರೆ ಡುಬ್ಬ ಕಾಣಬೇಕು. ನಮ್ಮ ಕರೆಂಟಿನ 50 ಹರ್ಟ್ಸ್, ಎಸಿಯನ್ನು ಡಿಸಿ ಮಾಡುವ ಬ್ರಿಜ್ ರೆಕ್ಟಿಫೈಯರ್ ದಾಟಿದ ಮೇಲೆ 100 ಆಗುತ್ತದೆ. ಹಾಗಾಗಿ ಅನುಮಾನ ಆ ಏರಿಳಿತವನ್ನು ಸಮ ಮಾಡುವ ಫಿಲ್ಟರ್ ಕಂಡೆನ್ಸರಿನ ಮೇಲೆ ಹೋಯಿತು. 12 ವೋಲ್ಟ್ ಬರಬೇಕಾದ ಕಡೆ ಮೀಟರ್ 11.6 ತೋರಿಸಿತು.

ಇದರ ಕಾರಣ ತಿಳಿದರೆ ಮುಂದಿನ ಕೆಲಸ ಸುಲಭ. ವೋಲ್ಟೇಜನ್ನು ಒಂದೇ ಮಟ್ಟದಲ್ಲಿ ಹಿಡಿದಿಡುವ 12 ವೋಲ್ಟ್ ರೆಗ್ಯುಲೇಟರ್ ಸರಿಯಾಗಿ ಕೆಲಸ ಮಾಡಲು ಒಳಗೆ ಬರುವ ವೋಲ್ಟೇಜ್ ಸುಮಾರು ಎರಡು ವೋಲ್ಟ್ ಜಾಸ್ತಿ ಇರಬೇಕು. ಕಂಡೆನ್ಸರ್ ಒಣಗಿದಾಗ ಅಲೆಯ ತಗ್ಗಿನಲ್ಲಿ ಅಷ್ಟು ಉಳಿಯುವುದಿಲ್ಲ. ಸೆಕೆಂಡಿಗೆ ನೂರು ಸಲ ಹೊರಗಿನ ವೋಲ್ಟೇಜೂ ಕುಸಿಯುತ್ತದೆ. ಮೀಟರ್ ತೋರಿಸುವುದು ಸರಾಸರಿಯನ್ನು ಮಾತ್ರ.

ಬಿಚ್ಚುವ ಮೊದಲು ಒಂದು ಮಾತು. ಪಿಕ್ಚರ್ ಟ್ಯೂಬಿನ ಹತ್ತಿರ ಸುಮಾರು ಎರಡು ಸಾವಿರ ವೋಲ್ಟ್ ಇರುತ್ತದೆ, ಆಫ್ ಮಾಡಿದ ಮೇಲೂ ಸ್ವಲ್ಪ ಹೊತ್ತು ಉಳಿಯುತ್ತದೆ. ನಾನು ಪ್ಲಗ್ ಕಿತ್ತು ಕಾಯುತ್ತೇನೆ, ರೆಸಿಸ್ಟರ್ ಮೂಲಕ ಖಾಲಿ ಮಾಡುತ್ತೇನೆ, ಮೀಟರಿನಲ್ಲಿ ಖಾತ್ರಿ ಮಾಡಿಕೊಳ್ಳುತ್ತೇನೆ. ಆನ್ ಇರುವಾಗ ಅಳೆಯಬೇಕಾದರೆ ಒಂದು ಕೈ ಜೇಬಿನಲ್ಲಿ. ಇದರಲ್ಲಿ ಅವಸರ ಬೇಡವೇ ಬೇಡ.

2200 ಮೈಕ್ರೋಫ್ಯಾರಡ್ ಎಂದು ಬರೆದಿದ್ದ ಕಂಡೆನ್ಸರ್ ಅಳೆದಾಗ 600 ಬಂತು. ಬೆಂಗಳೂರಿನ ಎಸ್‌.ಪಿ. ರಸ್ತೆಯಿಂದ 105 ಡಿಗ್ರಿ ಬಿಸಿ ತಾಳುವಂಥದ್ದು ತಂದು ಹಾಕಿದೆ. ಡುಬ್ಬ ಮಾಯ, ಮೀಟರಿನಲ್ಲಿ 12.0. ಅದೇ 5 ವೋಲ್ಟಿಗೆ ಗೆರೆ ಈಗ 4.9 ಮನೆ ಏರಿತು. ಉಳಿದ ಕೂದಲೆಳೆಯಷ್ಟಕ್ಕೆ ಮಾತ್ರ ಪ್ರಿಸೆಟ್ ಮುಟ್ಟಿದೆ, ಅದೂ ಹಳೇ ಜಾಗದ ಫೋಟೋ ತೆಗೆದುಕೊಂಡು. ಅವತ್ತೇ ತಿರುಗಿಸಿಬಿಟ್ಟಿದ್ದರೆ ಕೆಟ್ಟ ವೋಲ್ಟೇಜಿಗೆ ತಕ್ಕಂತೆ ಸ್ಕೋಪನ್ನು ತಪ್ಪಾಗಿ ಕೂರಿಸಿದಂತೆ ಆಗುತ್ತಿತ್ತು.

ವೋಲ್ಟ್ ಸ್ವಿಚ್ಚಿಗೆ ಸುಮ್ನೆ ಸ್ಪ್ರೇ ಹೊಡೆಯಲಿಲ್ಲ. ಕಾಗದದ ಪಟ್ಟಿಯನ್ನು ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿ ಕಾಂಟ್ಯಾಕ್ಟಿನ ನಡುವೆ ಎಳೆದೆ. ಕಪ್ಪು ಬಂತು. ಆಮೇಲೆ ಒಂದು ಕಿಲೋಹರ್ಟ್ಸ್ ಚೌಕ ಅಲೆ ಕೊಟ್ಟು ಒಂದೊಂದು ರೇಂಜಿನ ಟ್ರಿಮ್ಮರ್ (ತಿರುಗಿಸಿ ಹೊಂದಿಸುವ ಪುಟ್ಟ ಕಂಡೆನ್ಸರ್) ನೋಡಿದೆ. ಅಲೆಯ ಮೂಲೆ ಕೊಂಬಿನಂತೆ ಎದ್ದರೂ ತಪ್ಪು, ದುಂಡಾದರೂ ತಪ್ಪು. ಇದಕ್ಕೆ ಪ್ಲಾಸ್ಟಿಕ್ ಸ್ಕ್ರೂಡ್ರೈವರೇ ಬೇಕು. ಲೋಹದ್ದಾದರೆ ಕೈ ತೆಗೆದ ಕೂಡಲೇ ಆಕಾರ ಬದಲಾಗುತ್ತದೆ.

ಟೈಮ್‌ಬೇಸ್, ಅಂದರೆ ಗೆರೆ ಅಡ್ಡಕ್ಕೆ ಓಡುವ ವೇಗ, ಸರಿನೋಡಲು 10 ಮೆಗಾಹರ್ಟ್ಸ್ ಕ್ರಿಸ್ಟಲ್ ಆಸಿಲೇಟರ್ ಮತ್ತು ಫ್ರೀಕ್ವೆನ್ಸಿ ಭಾಗಿಸುವ ಎರಡು 74ಎಚ್‌ಸಿ390 ಐಸಿ ಸಾಕಾಯಿತು. ಹತ್ತರಿಂದ ಭಾಗಿಸುತ್ತಾ ಹೋದರೆ ಒಂದು ಕಿಲೋಹರ್ಟ್ಸ್‌ವರೆಗೂ ಸಿಗುತ್ತದೆ. ಇಂಥ ಸ್ಕೋಪಿನಲ್ಲಿ ನೂರಕ್ಕೆ ಮೂರರಷ್ಟು ತಪ್ಪು ಇರುವುದು ಮಾಮೂಲು, ಕ್ರಿಸ್ಟಲ್ ಅದಕ್ಕಿಂತ ನೂರಾರು ಪಟ್ಟು ನಿಖರ. ಅಂಚಿನ ಮನೆಗಳನ್ನು ಬಿಟ್ಟು ನಡುವಿನ ಎಂಟರಲ್ಲೇ ಅಳೆದೆ.

ಗೆರೆಯ ಓರೆಯನ್ನು ಕೊನೆಗೆ ಸರಿಮಾಡಿದೆ, ಅದೂ ಸ್ಕೋಪ್ ಕಾಯಂ ಇರುವ ಜಾಗದಲ್ಲೇ. ಭೂಮಿಯ ಕಾಂತಕ್ಷೇತ್ರ ಎಲೆಕ್ಟ್ರಾನುಗಳ ದಾರಿಯನ್ನು ತಿರುಚುತ್ತದೆ. ಕಾಂತೀಯ ಸಮಭಾಜಕ ತಮಿಳುನಾಡಿನ ದಕ್ಷಿಣ ತುದಿಯ ಹತ್ತಿರವೇ ಹಾದುಹೋಗುತ್ತದೆ. ಹಾಗಾಗಿ ಮೈಸೂರಿನಲ್ಲಿ ಈ ಕ್ಷೇತ್ರ ಹೆಚ್ಚುಕಡಿಮೆ ಮಟ್ಟಸವಾಗಿ ಮಲಗಿದೆ, ಉತ್ತರ ದಕ್ಷಿಣವಾಗಿ. ಸ್ಕೋಪಿನ ಮುಖ ಪೂರ್ವದಿಂದ ಉತ್ತರಕ್ಕೆ ತಿರುಗಿಸಿದರೆ ಗೆರೆ ಒಂದಿಷ್ಟು ವಾಲುವುದು ಕಣ್ಣಿಗೇ ಕಾಣುತ್ತದೆ. ಮೇಜಿನ ನಾಲ್ಕು ಕಾಲಿನ ಸುತ್ತ ಸೀಮೆಸುಣ್ಣದಲ್ಲಿ ಗುರುತು ಹಾಕಿದ್ದೇನೆ. ಗುಡಿಸುವಾಗ ಸರಿಸಿದರೆ ಮತ್ತೆ ಅಲ್ಲಿಗೇ ತಂದಿಡಲು ಮನೆಯವರಿಗೂ ಹೇಳಿದ್ದೇನೆ.