ತಂಬೂರಿ ಜೊತೆ ಬರುತ್ತಿದ್ದ ಗುಂಯ್ ಸದ್ದು ನಿಲ್ಲಿಸಿದ್ದು ಹೀಗೆ

ಬೆಳಿಗ್ಗೆ ಜಯನಗರದಲ್ಲಿ ಪಿಟೀಲು ರೆಕಾರ್ಡಿಂಗ್, ಸಂಜೆ ಬಸವನಗುಡಿಯಲ್ಲಿ ಸರ್ಕಾರಿ ಶಾಲೆಯೊಂದರ ಲೈಬ್ರರಿಗಾಗಿ ಸಹಾಯಾರ್ಥ ಕಚೇರಿ. ಎರಡೂ ಕಡೆ ಲ್ಯಾಪ್‌ಟಾಪಿನಲ್ಲಿ ತಂಬೂರಿಯ ನಾದ ಶುರು ಮಾಡಿದ ತಕ್ಷಣ ಸ್ಪೀಕರಿನಲ್ಲಿ ಗುಂಯ್ ಅಂತ ಸದ್ದು.

ನಮ್ಮ ಕರೆಂಟು 50 ಹರ್ಟ್ಸ್. ಅದರ ಗುಂಯ್ 100 ಹರ್ಟ್ಸ್‌ನಲ್ಲೂ ಕೇಳಿಸುತ್ತದೆ. ಸಿ ಶ್ರುತಿಯ ಮಂದ್ರ ಪಂಚಮ, ಅಂದರೆ ತಂಬೂರಿಯಲ್ಲಿ ಕೇಳಿಸುವ ಕೆಳಗಿನ ಪ ಸ್ವರ, ಸುಮಾರು 98 ಹರ್ಟ್ಸ್. ಹಾಗಾಗಿ ಎರಡೂ ಅಕ್ಕಪಕ್ಕ ನಿಂತು ಒಂದಕ್ಕೊಂದು ತಾಗಿ ಅಲೆಅಲೆಯಾಗಿ ಕೇಳಿಸುತ್ತವೆ, ಕೂತವರಿಗೆ ಶ್ರುತಿಯೇ ಸೇರಿಲ್ಲ ಅನ್ನಿಸುತ್ತದೆ. ಇಂಥ ಕಚೇರಿಗೆ ಜನ ಪ್ರೀತಿಯಿಂದ ದುಡ್ಡು ಕೊಟ್ಟು ಬರುತ್ತಾರೆ, ಅವರಿಗೆ ಹೀಗೆ ಕೇಳಿಸಬಾರದು ಅಲ್ವಾ?

ಒಂದೊಂದೇ ವೈರ್ ತೆಗೆದು ನೋಡಿದೆ. ಲ್ಯಾಪ್‌ಟಾಪ್ ಚಾರ್ಜರ್ ಕಿತ್ತಾಗ ಸದ್ದು ನಿಂತಿತು. ಚಾರ್ಜರ್ ಒಂದು ಗೋಡೆಯ ಸಾಕೆಟ್‌ನಲ್ಲಿ, ಮಿಕ್ಸರ್ (ಮೈಕ್, ಲ್ಯಾಪ್‌ಟಾಪ್ ಎಲ್ಲದರ ಸದ್ದು ಸೇರಿಸುವ ಯಂತ್ರ) ಇನ್ನೊಂದರಲ್ಲಿ, ಎರಡಕ್ಕೂ ಅರ್ಥಿಂಗ್ ಇದೆ, ಮಧ್ಯೆ ಆಡಿಯೋ ಕೇಬಲ್ ಸೇರಿ ಅರ್ಥಿನ ಒಂದು ಸುತ್ತು ಆಗಿಬಿಟ್ಟಿತ್ತು, ಆ ಸುತ್ತಿನಲ್ಲಿ ಹರಿಯುವ ಕರೆಂಟೇ ಗುಂಯ್ ಅಂತ ಕೇಳಿಸುತ್ತಿತ್ತು. ಸ್ಟುಡಿಯೋದಲ್ಲಿ ಬ್ಯಾಟರಿ ಮೇಲೆ ಮುಗಿಸಿದೆವು. ಸಂಜೆಗೆ ಬ್ಯಾಟರಿ ಸಾಲುವುದಿಲ್ಲ. ಸೌಂಡ್‌ನವರ ಹತ್ತಿರ ಟ್ರಾನ್ಸ್‌ಫಾರ್ಮರ್ ಇರುವ ಡಿಐ ಬಾಕ್ಸ್ ಇತ್ತು, ವಾದ್ಯ ಅಥವಾ ಲ್ಯಾಪ್‌ಟಾಪಿನ ಸದ್ದನ್ನು ಮಿಕ್ಸರಿಗೆ ಕೊಡುವ ಪುಟ್ಟ ಡಬ್ಬಿ ಅದು. ಅದನ್ನು ಲ್ಯಾಪ್‌ಟಾಪ್ ಮತ್ತು ಮಿಕ್ಸರ್ ನಡುವೆ ಹಾಕಿ, ಆಡಿಯೋ ಕೇಬಲ್ಲಿನ ಅರ್ಥ್ ಸಂಪರ್ಕವನ್ನು ಮಾತ್ರ ಬಿಡಿಸುವ ಗ್ರೌಂಡ್ ಲಿಫ್ಟ್ ಸ್ವಿಚ್ ಒತ್ತಿದೆವು. ಸದ್ದು ಪೂರ್ತಿ ಹೋಯಿತು!

ಪ್ಲಗ್ಗಿನ ಅರ್ಥ್ ಪಿನ್ ತೆಗೆದುಬಿಡಿ ಅಂತ ಯಾರಾದರೂ ಹೇಳಿದರೆ ದಯವಿಟ್ಟು ಕೇಳಬೇಡಿ. ಮೈಕ್, ತಂತಿ ಮುಟ್ಟುವವರು ನಾವು, ಶಾಕ್ ಹೊಡೆದರೆ ಜೀವಕ್ಕೇ ಅಪಾಯ. ಬಾಕ್ಸ್ ಇಲ್ಲದಿದ್ದರೆ ಮಿಕ್ಸರ್, ಚಾರ್ಜರ್ ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿ ನೋಡಿ, ಎಷ್ಟೋ ಸಲ ಅಷ್ಟಕ್ಕೇ ಕಡಿಮೆಯಾಗುತ್ತದೆ.