ಮೂಲನಿವಾಸಿಗಳ ಯೋಗಕ್ಷೇಮ ಅಳೆಯುವುದು ಹೇಗೆ?

ಹೊಳೆಯಲ್ಲಿ ಮೀನು ಹಿಡಿದು, ಸಿಕ್ಕಿದ್ದನ್ನು ಹಂಚಿಕೊಂಡು ಬದುಕುವ ಜನರಿದ್ದಾರೆ ಎಂದುಕೊಳ್ಳಿ. ಕೈಗೆ ಬರುವ ಹಣ ಕಡಿಮೆ, ಹಾಗಾಗಿ ಆದಾಯದ ಲೆಕ್ಕದಲ್ಲಿ ಅವರು ಕಡುಬಡವರು. ಅಣೆಕಟ್ಟು ಬಂದು ಮೀನು ಹೋಗಿ, ಅವರೆಲ್ಲ ಕೂಲಿಗೆ ಹೊರಟರೆ ಆದಾಯ ಏರುತ್ತದೆ. ವರದಿಯಲ್ಲಿ ಅದು ಪ್ರಗತಿ! ಅಳೆಯಲು ಹೊರಟವರು ಎಡವುವುದು ಇಲ್ಲೇ.

ಸುಮಾರು 90 ದೇಶಗಳಲ್ಲಿ 47 ಕೋಟಿಗೂ ಹೆಚ್ಚು ಮೂಲನಿವಾಸಿಗಳಿದ್ದಾರೆ ಎಂಬುದು ಅಂದಾಜು. ಅಂದಾಜೇ, ಯಾಕೆಂದರೆ ಎಷ್ಟೋ ದೇಶಗಳ ಜನಗಣತಿ ಅವರನ್ನು ಬೇರೆಯಾಗಿ ಎಣಿಸುವುದಿಲ್ಲ. ಜನಸಂಖ್ಯೆ ಲೆಕ್ಕ ಹಾಕುವಾಗ ಮೂಲನಿವಾಸಿಗಳನ್ನು ಬಿಟ್ಟುಬಿಡಿ ಎಂಬ ಕಲಮೇ ಆಸ್ಟ್ರೇಲಿಯಾದ ಸಂವಿಧಾನದಲ್ಲಿತ್ತು. ಅದು ಹೋಗಿದ್ದು 1967ರ ಜನಮತಗಣನೆಯ ನಂತರ.

ಮೊದಲು ಒಪ್ಪಿಗೆ

ಒತ್ತಡವಿಲ್ಲದೆ, ಕೆಲಸ ಶುರುವಾಗುವ ಮುಂಚೆಯೇ, ಎಲ್ಲ ತಿಳಿದುಕೊಂಡು ಕೊಡುವ ಒಪ್ಪಿಗೆ ಬೇಕು. ಮೂಲನಿವಾಸಿಗಳ ಹಕ್ಕುಗಳ ಬಗ್ಗೆ ವಿಶ್ವಸಂಸ್ಥೆ 2007ರಲ್ಲಿ ಹೊರಡಿಸಿದ ಘೋಷಣೆಯಲ್ಲಿ ಈ ಮಾತು ಮತ್ತೆ ಮತ್ತೆ ಬರುತ್ತದೆ. ಉತ್ತರ ಕೊಡುವ ವ್ಯಕ್ತಿ ಒಪ್ಪಿದರಷ್ಟೇ ಸಾಲದು, ಸಮುದಾಯವೂ ಒಪ್ಪಬೇಕು.

ಇದನ್ನು ಹಗುರವಾಗಿ ತೆಗೆದುಕೊಂಡರೆ ಏನಾಗುತ್ತದೆ? ಅಮೆರಿಕದ ಗ್ರ್ಯಾಂಡ್ ಕ್ಯಾನ್ಯನ್‌ನ ಹವಾಸುಪೈ ಜನ 1990ರ ದಶಕದಲ್ಲಿ ರಕ್ತ ಕೊಟ್ಟರು. ಸಕ್ಕರೆ ಕಾಯಿಲೆಯ ಅಧ್ಯಯನಕ್ಕೆ ಎಂದೇ ಅವರು ನಂಬಿದ್ದರು. ಅದೇ ರಕ್ತ ಮನೋರೋಗದ ಸಂಶೋಧನೆಗೂ ಹೋಯಿತು, ಅವರ ಪೂರ್ವಜರು ಎಲ್ಲಿಂದ ವಲಸೆ ಬಂದರು ಎಂದು ಹುಡುಕಲೂ ಹೋಯಿತು. ತಾವು ಹುಟ್ಟಿದ್ದೇ ಆ ಕಣಿವೆಯಲ್ಲಿ ಎಂದು ನಂಬುವ ಜನ ಅವರು! ಜಗಳ ಕೋರ್ಟಿಗೆ ಹೋಯಿತು. 2010ರಲ್ಲಿ 7 ಲಕ್ಷ ಡಾಲರ್ ಪರಿಹಾರ ಸಿಕ್ಕಿತು, ಉಳಿದ ರಕ್ತದ ಮಾದರಿಗಳೂ ವಾಪಸ್ ಬಂದವು.

ಒಳ್ಳೆಯ ಬದುಕು ಯಾವುದು ಎಂದು ಕೇಳಿ

ಸಿದ್ಧ ಪ್ರಶ್ನಾವಳಿ ಹಿಡಿದು ಹೋಗಬೇಡಿ. ಹಿರಿಯರು, ಹೆಂಗಸರು, ಹುಡುಗ ಹುಡುಗಿಯರ ಜೊತೆ ಬೇರೆ ಬೇರೆಯಾಗಿ ಕೂತು ಮಾತಾಡಿ. ಒಟ್ಟಿಗೆ ಕೂರಿಸಿದರೆ ಮುಖಂಡರದ್ದೇ ಮಾತು ಜಾಸ್ತಿಯಾಗುತ್ತದೆ, ಅಲ್ವಾ?

ಆರ್ಕ್‌ಟಿಕ್ ಪ್ರದೇಶದವರು ಹೀಗೆ ಯೋಚಿಸಿಯೇ ಆರೋಗ್ಯ, ಶಿಕ್ಷಣ, ಆದಾಯದ ಪಕ್ಕದಲ್ಲಿ ಇನ್ನೂ ಮೂರನ್ನು ಇಟ್ಟರು: ತಮ್ಮ ಬದುಕಿನ ತೀರ್ಮಾನ ತಮ್ಮ ಕೈಯಲ್ಲಿರುವುದು, ಸಂಸ್ಕೃತಿ ಮುಂದುವರಿಯುವುದು, ಪ್ರಕೃತಿಯ ಒಡನಾಟ. ನ್ಯೂಜಿಲೆಂಡಿನ ಮಾವೊರಿ ಜನರಿಗಾಗಿ 2013ರಲ್ಲಿ ನಡೆದ 'ತೆ ಕುಪೆಂಗಾ' ಸಮೀಕ್ಷೆ, ನಿಮ್ಮ ಕುಟುಂಬ ಬಳಗ ಹೇಗಿದೆ, ಪೂರ್ವಜರ ಮರಾಯೆಗೆ, ಅಂದರೆ ಜನ ಸೇರುವ ಪವಿತ್ರ ಜಾಗಕ್ಕೆ, ಹೋಗಿದ್ದಿರಾ ಎಂದೂ ಕೇಳಿತು.

ಮಾತನ್ನು ಸೂಚಕ ಮಾಡಿ

'ನಮ್ಮ ಭಾಷೆ ಉಳಿಯಬೇಕು' ಎಂದರೆ ಅಳೆಯಲಾಗದು. ಮನೆಯಲ್ಲಿ ಮಕ್ಕಳ ಜೊತೆ ದಿನಾ ಆ ಭಾಷೆ ಆಡುವವರು ಎಷ್ಟು ಎಂದರೆ ಅಳೆಯಬಹುದು. ಹೀಗೆ ಲೆಕ್ಕಕ್ಕೆ ಸಿಗುವುದೇ ಸೂಚಕ. ನೆಲದ ವಿಷಯದಲ್ಲಿ ಎರಡು ಪ್ರಶ್ನೆ ಬೇಕು: ಹಕ್ಕುಪತ್ರ ಇದೆಯೇ? ಅಲ್ಲಿಗೆ ನಿಜಕ್ಕೂ ಹೋಗಿಬರಲು ಆಗುತ್ತದೆಯೇ? ಕುಡಿತ, ಕಾಯಿಲೆ, ಶಾಲೆ ಬಿಟ್ಟವರು ಎಂದು ಬರೀ ಕೊರತೆಗಳ ಪಟ್ಟಿ ಮಾಡಿದರೆ ಆ ಜನರ ಶಕ್ತಿ ಕಾಣುವುದೇ ಇಲ್ಲ. ಹಾಗಂತ ಶಿಶುಮರಣ, ಶಾಲೆಯಂಥ ಮಾಮೂಲಿ ಸೂಚಕಗಳನ್ನು ಕೈಬಿಡಬೇಡಿ. ಸರ್ಕಾರದ ಮುಂದೆ ಕೂತು ಅನ್ಯಾಯ ತೋರಿಸಲು ಹೋಲಿಕೆ ಬೇಕೇ ಬೇಕು.

ಮಾಹಿತಿ ಸಂಗ್ರಹ

ಯಾರು ಮೂಲನಿವಾಸಿ ಎಂಬುದನ್ನು ಪ್ರಶ್ನೆ ಕೇಳುವವರು ಊಹಿಸಬಾರದು, ಉತ್ತರಿಸುವವರೇ ಹೇಳಲಿ. ಅದೇ ಸಮುದಾಯದ ಯುವಕ ಯುವತಿಯರಿಗೆ ತರಬೇತಿ ಕೊಟ್ಟು, ಸಂಬಳ ಕೊಟ್ಟು ಕಳಿಸಿ. ಬೇಟೆ, ಸುಗ್ಗಿ, ವಲಸೆಯ ಕಾಲದಲ್ಲಿ ಹೋದರೆ ಮನೆಯಲ್ಲಿ ಯಾರೂ ಸಿಗುವುದಿಲ್ಲ. ದೇಶಕ್ಕೆಲ್ಲ ಒಂದೇ ಸಮೀಕ್ಷೆ ಮಾಡಿದರೆ ಚಿಕ್ಕ ಸಮುದಾಯದಿಂದ ನಾಲ್ಕಾರು ಜನ ಮಾತ್ರ ಸಿಗಬಹುದು, ಅಲ್ಲಿ ಹೆಚ್ಚು ಮನೆಗಳಿಗೆ ಹೋಗಬೇಕು. ಇಷ್ಟು ಸಣ್ಣ ಊರುಗಳಲ್ಲಿ ಹೆಸರು ಅಳಿಸಿದರೂ ಉತ್ತರ ನೋಡಿಯೇ ಇದು ಯಾರೆಂದು ಹೇಳಿಬಿಡಬಹುದು. ಅಂಥ ಅಂಕಿಗಳನ್ನು ಒಟ್ಟುಗೂಡಿಸಿಯೇ ಕೊಡಿ. ಪವಿತ್ರ ಜಾಗ, ಔಷಧಿ ಗಿಡ ಇರುವ ಕಡೆ ನಕ್ಷೆಯಲ್ಲಿ ಗುರುತು ಬೇಡ.

ಮಾಹಿತಿ ಯಾರದ್ದು?

ಕೆನಡಾದ ಮೂಲನಿವಾಸಿಗಳು 1998ರಲ್ಲೇ ಉತ್ತರ ಕೊಟ್ಟಿದ್ದಾರೆ: ಒಡೆತನ, ನಿಯಂತ್ರಣ, ಬಳಕೆ, ಸ್ವಾಧೀನ ನಾಲ್ಕೂ ನಮ್ಮದೇ. ಆದ್ದರಿಂದ ದತ್ತಾಂಶ ಎಲ್ಲಿರುತ್ತದೆ, ಬೇರೆಯವರು ಕೇಳಿದರೆ ಯಾರು ಅನುಮತಿ ಕೊಡುತ್ತಾರೆ ಎಂದು ಮೊದಲೇ ಬರೆದುಕೊಳ್ಳಿ. ವರದಿ ಅಚ್ಚಾಗುವ ಮುಂಚೆ ಅವರ ಭಾಷೆಯಲ್ಲಿ ಓದಿ ಹೇಳಿ, ತಪ್ಪೆಂದದ್ದನ್ನು ತಿದ್ದಿ. ಕೆಲವು ವರ್ಷ ಬಿಟ್ಟು ಅದೇ ಪ್ರಶ್ನೆಗಳೊಂದಿಗೆ ಮತ್ತೆ ಹೋಗಿ. ತೆ ಕುಪೆಂಗಾ 2018ರಲ್ಲಿ ಮತ್ತೆ ನಡೆಯಿತು. ಹೊಸ ಪ್ರಶ್ನೆ ಸೇರಿಸಬಹುದು. ಹಳೆಯದರ ಮಾತು ಬದಲಿಸಿದರೆ ಹೋಲಿಸಲು ಬರುವುದಿಲ್ಲ.